ಫ್ರೇಮ್ ಕಾಣೆಯಾದರೆ ಎನ್‌ಕೋಡರ್ ಮೇಲೆ ಗೂಬೆ ಕೂರಿಸಬೇಡಿ

ಮಾನ್ಯ ಸಂಪಾದಕರೇ,

ಚಿತ್ರಗಳ ಸಾಲನ್ನು ಕೋಡ್ ಬರೆದು ವಿಡಿಯೊ ಮಾಡುವಾಗ ಫ್ರೇಮ್‌ಗಳು ಕಾಣೆಯಾದರೆ ‘ಎನ್‌ಕೋಡರ್ ಸರಿಯಿಲ್ಲ, ಬೇರೆ ಹಾಕಿ ನೋಡಿ’ ಎಂಬ ಸಲಹೆ ಥಟ್ಟನೆ ಸಿಗುತ್ತದೆ. ಎನ್‌ಕೋಡರ್ ಎಂದರೆ ಚಿತ್ರಗಳನ್ನು ಕುಗ್ಗಿಸಿ ವಿಡಿಯೊ ರೂಪಕ್ಕೆ ತರುವ ತಂತ್ರಾಂಶ; ತಪ್ಪು ಅದರದಾಗಿರುವುದು ತೀರಾ ಅಪರೂಪ. ಫ್ರೇಮ್ ಹೋಗಿರುವುದು ಕೊನೆಯಲ್ಲೋ ನಡುವೆಯೋ ಎಂದು ಮೊದಲು ನೋಡಿದರೆ ಅರ್ಧ ಕೆಲಸ ಮುಗಿದಂತೆ. ವಿಡಿಯೊ ಫೈಲಿನ ವಿವರ ತೋರಿಸುವ ಎಫ್‌ಎಫ್‌ಪ್ರೋಬ್‌ಗೆ ‘ಕೌಂಟ್ ಫ್ರೇಮ್ಸ್’ ಆಯ್ಕೆ ಕೊಟ್ಟು ಎಣಿಸಿ. ಪ್ಲೇಯರ್ ತೋರಿಸುವ ಅವಧಿಯನ್ನು ನೆಚ್ಚಬೇಡಿ.

ಕೊನೆಯವು ಇಲ್ಲವೆಂದರೆ ಬಹುತೇಕ ಫ್ಲಶ್ ಆಗಿಲ್ಲ, ಅಂದರೆ ಎನ್‌ಕೋಡರ್ ಒಳಗೆ ಉಳಿದದ್ದು ಪೂರ್ತಿ ಹೊರಬಂದಿಲ್ಲವೆಂದೇ ಅರ್ಥ. ಎಕ್ಸ್264 ಎಂಬ ಎನ್‌ಕೋಡರ್ ತನಗೆ ಕೊಟ್ಟ ಫ್ರೇಮನ್ನು ಕೂಡಲೇ ಹೊರಬಿಡುವುದಿಲ್ಲ. ಮುಂದಿನವನ್ನು ನೋಡಿಕೊಂಡು ಬಿಟ್‌ಗಳನ್ನು ಹಂಚಬೇಕಲ್ಲ, ಅದಕ್ಕಾಗಿ ‘ಮೀಡಿಯಂ’ ಪ್ರೀಸೆಟ್‌ನಲ್ಲಿ (ಮೊದಲೇ ಸಿದ್ಧವಿರುವ ಸೆಟ್ಟಿಂಗ್) 40 ಫ್ರೇಮ್‌ಗಳಷ್ಟು ಹಿಡಿದಿಟ್ಟುಕೊಳ್ಳುತ್ತದೆ. ಹಿಂದುಮುಂದಿನ ಫ್ರೇಮ್‌ಗಳನ್ನು ನೋಡಿ ಕಟ್ಟುವ ಬಿ-ಫ್ರೇಮ್, ಏಕಕಾಲಕ್ಕೆ ಓಡುವ ಥ್ರೆಡ್‌ಗಳ ಪಾಲು ಬೇರೆ. 30 ಚಿತ್ರ ಕೊಟ್ಟು ಫೈಲ್ ಮುಚ್ಚಿಬಿಟ್ಟರೆ ಒಂದೂ ಇರುವುದಿಲ್ಲ! ಕೋಡ್‌ನಿಂದ ಎನ್‌ಕೋಡರ್ ನಡೆಸುವ ಲಿಬ್‌ಎವಿಕೋಡೆಕ್ ಲೈಬ್ರರಿ ಬಳಸುವವರು ಚಿತ್ರಗಳು ಮುಗಿದ ಮೇಲೆ ‘ಸೆಂಡ್ ಫ್ರೇಮ್’ಗೆ ಒಮ್ಮೆ ನಲ್ (ಖಾಲಿ ಮೌಲ್ಯ) ಕೊಡಬೇಕು. ಬಳಿಕ ಇನ್ನೇನೂ ಉಳಿದಿಲ್ಲವೆಂಬ ‘ಇಒಎಫ್’ ಸೂಚನೆ ಬರುವತನಕ ‘ರಿಸೀವ್ ಪ್ಯಾಕೆಟ್’ ಅನ್ನು ಲೂಪ್‌ನಲ್ಲಿ ಕರೆದು, ಬಂದದ್ದನ್ನೆಲ್ಲ ಫೈಲಿಗೆ ಬರೆದ ಮೇಲಷ್ಟೇ ಫೈಲನ್ನು ಮುಗಿಸುವ ಟ್ರೈಲರ್ ಬರೆಯಬೇಕು. ಲೂಪಿನ ಜಾಗದಲ್ಲಿ ‘ಇಫ್’ ಹಾಕಿರುವ ಕೋಡ್ ಎಲ್ಲೆಲ್ಲೂ ಕಾಣುತ್ತದೆ; ಅದರಿಂದ ಹೊರಬರುವುದು ಒಂದೇ ಪ್ಯಾಕೆಟ್ (ಎನ್‌ಕೋಡ್ ಆದ ತುಣುಕು), ಉಳಿದವು ಒಳಗೇ.

ಪೂರ್ತಿ ಉದ್ದಕ್ಕೂ ಅಲ್ಲಲ್ಲಿ ಹೋಗಿದ್ದರೆ ಫ್ರೇಮ್‌ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್) ನೋಡಿ. ಏನೂ ಹೇಳದಿದ್ದರೆ ವಿಡಿಯೊ ತಯಾರಿಸುವ ಎಫ್‌ಎಫ್‌ಎಂಪೆಗ್ ತಂತ್ರಾಂಶ ಚಿತ್ರಗಳನ್ನು ಸೆಕೆಂಡಿಗೆ 25ರಂತೆ ಓದುತ್ತದೆ. 300 ಚಿತ್ರವೆಂದರೆ 12 ಸೆಕೆಂಡು. ಔಟ್‌ಪುಟ್ ಕಡೆ 10 ಎಂದು ಬರೆದರೆ ಉಳಿಯುವುದು 120; ಮಿಕ್ಕ 180 ಅನ್ನು ಅದು ನಿಯಮದಂತೆಯೇ ಬಿಸಾಡಿರುತ್ತದೆ. ‘ಫ್ರೇಮ್‌ರೇಟ್’ ಆಯ್ಕೆ ಇನ್‌ಪುಟ್ ಹೆಸರಿಗಿಂತ ಮುಂಚೆ ಬರಬೇಕು, ಅಷ್ಟೆ.

ಒಂದು ಹಂತದಾಚೆ ಏನೂ ಇಲ್ಲವೇ? ಫೈಲ್ ಸಂಖ್ಯೆಗಳಲ್ಲಿ ಕಂಡಿ ಬಿದ್ದಿದೆ. 0057 ಇಲ್ಲದಿದ್ದರೆ ಓದು 0056ಕ್ಕೇ ನಿಲ್ಲುತ್ತದೆ.

ಚಿತ್ರ ಸಂಸ್ಕರಣೆಯ ಲೈಬ್ರರಿಯಾದ ಓಪನ್‌ಸಿವಿಯದು ಇನ್ನೊಂದು ಕಾಟ. ಅದರಲ್ಲಿ ವಿಡಿಯೊ ಬರೆಯುವ ವಿಡಿಯೊರೈಟರ್ ತೆರೆಯುವಾಗ ಹೇಳಿದ ಅಳತೆಗೆ ಫ್ರೇಮ್ ಹೊಂದದಿದ್ದರೆ ಆ ಫ್ರೇಮನ್ನು ಬಿಟ್ಟು ಮುಂದೆ ಹೋಗುತ್ತದೆ, ಪ್ರೋಗ್ರಾಂ ನಿಲ್ಲುವುದಿಲ್ಲ. ಚಿತ್ರವನ್ನು ಸಂಖ್ಯೆಗಳ ಸಾಲಾಗಿ ಇಡುವ ನಂಪೈ ಲೈಬ್ರರಿಯ ‘ಶೇಪ್’ ಎತ್ತರವನ್ನು ಮೊದಲು ಹೇಳುತ್ತದೆ, ರೈಟರ್ ಅಗಲವನ್ನು ಮೊದಲು ಕೇಳುತ್ತದೆ. ಅದಲುಬದಲಾದರೆ ಇಡೀ ವಿಡಿಯೊ ಖಾಲಿ. ‘ರೈಟ್’ ಕರೆಯುವ ಮುನ್ನ ಪ್ರತಿ ಚಿತ್ರದ ಅಳತೆಯನ್ನು ಹೋಲಿಸಿ, ಹೊಂದದಿದ್ದರೆ ಫೈಲ್ ಹೆಸರು ಮುದ್ರಿಸಿ ನಿಲ್ಲುವ ಒಂದೆರಡು ಸಾಲು ಸೇರಿಸಿಕೊಳ್ಳಿ. ಕೊನೆಗೆ ‘ರಿಲೀಸ್’ ಕರೆಯುವುದನ್ನೂ ಮರೆಯಬೇಡಿ.

– ಓದುಗ