ಹಜ್ ತರಗತಿಯಲ್ಲಿ ನಡೆಯುವುದನ್ನೂ ಕಲಿಸಿ

ಮಾನ್ಯ ಸಂಪಾದಕರೇ,

ಹಜ್‌ಗೆ ಆಯ್ಕೆಯಾದವರ ಮನೆಯಲ್ಲಿ ಹೊರಡುವ ಮುಂಚಿನ ತಿಂಗಳು ಹೇಗಿರುತ್ತದೆ ಅಂತ ನಮ್ಮ ಮಂಗಳೂರು ಕಡೆಯವರಿಗೆ ಗೊತ್ತೇ ಇದೆ. ಇವತ್ತು ತಮ್ಮನ ಮನೆಯಲ್ಲಿ ಊಟ, ನಾಳೆ ಮಗಳ ಮನೆಯಲ್ಲಿ, ನಾಡಿದ್ದು ಜಮಾಅತಿನ (ಮಸೀದಿಯ ಊರವರ ಕೂಟದ) ಬೀಳ್ಕೊಡುಗೆ. ಸಾಲ ತೀರಿಸುವುದು, ತಪ್ಪಾಗಿದ್ದರೆ ಮನ್ನಿಸಿ ಎಂದು ಕೇಳಿ ಬರುವುದು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಶುಗರ್, ಬಿಪಿ ಇರುವ ವಯಸ್ಸಾದವರನ್ನು ದಿನಾ ಕಾರಲ್ಲಿ ಕೂರಿಸಿಕೊಂಡು ಹೋಗಿ ಗೀರೈಸ್, ಬಿರಿಯಾನಿ ತಿನ್ನಿಸುವುದು ಯಾಕೆ?

ಹೊರಡುವವರಿಗೆ ನಡೆಸುವ ಹಜ್ ತರಗತಿಗಳಲ್ಲಿ ಉಸ್ತಾದರು (ಧರ್ಮಗುರುಗಳು) ನಿಯ್ಯತ್ (ಸಂಕಲ್ಪ), ದುಆ (ಪ್ರಾರ್ಥನೆ), ತವಾಫಿನ (ಕಅಬಾಕ್ಕೆ ಸುತ್ತು ಬರುವ) ಕ್ರಮ ಎಲ್ಲ ಚೆನ್ನಾಗಿ ಹೇಳಿಕೊಡುತ್ತಾರೆ. ಮೈ ತಯಾರಿ ಬಗ್ಗೆ ಮಾತ್ರ ಕೊನೆಗೆ ಎರಡು ಮಾತು. ಸಫಾ ಮರ್ವಾ ಗುಡ್ಡಗಳ ನಡುವೆ ಏಳು ಸಲ ನಡೆದರೆ ಅದೊಂದೇ ಮೂರು ಕಿಲೋಮೀಟರ್ ದಾಟುತ್ತದೆ. ಅದಕ್ಕೂ ಮೊದಲು ಕಅಬಾಕ್ಕೆ ಏಳು ಸುತ್ತು. ಆಮೇಲೆ ಹಜ್ ವಿಧಿಗಳ ಜಾಗಗಳಾದ ಮಿನಾ, ಅರಫಾ, ಮುಝ್ದಲಿಫಾ, ಕಲ್ಲೆಸೆಯಲು ಜಮರಾತ್‌ಗೆ ದಿನಾ ನಡಿಗೆ. ಬಸ್ ಇದ್ದರೂ ಆ ಜನಸಂದಣಿಯಲ್ಲಿ ಕಾಲೇ ಗತಿ. ಮನೆಯಿಂದ ಮಸೀದಿಗೂ ಸ್ಕೂಟರಲ್ಲಿ ಹೋಗುವ ಅಭ್ಯಾಸದವರು ಅಲ್ಲಿ ಏನು ಮಾಡಬೇಕು?

2024ರ ಹಜ್‌ನಲ್ಲಿ ಮಕ್ಕಾದಲ್ಲಿ 51.8 ಡಿಗ್ರಿ ಬಿಸಿಲಿತ್ತು. 1,301 ಯಾತ್ರಿಕರು ತೀರಿಕೊಂಡರು ಎಂದು ಸೌದಿ ಸರಕಾರವೇ ಹೇಳಿತು. ಅವರಲ್ಲಿ ನೂರಕ್ಕೆ 83 ಮಂದಿ ಪರವಾನಗಿ ಇಲ್ಲದೆ ಹೋಗಿ ಬಿಸಿಲಲ್ಲಿ ತುಂಬಾ ದೂರ ನಡೆದವರು. ಹಾಗಾಗಿ ಕಡಿಮೆ ದುಡ್ಡಿಗೆ ಬೇರೆ ವೀಸಾದಲ್ಲಿ ಕರೆದುಕೊಂಡು ಹೋಗ್ತೇವೆ ಅನ್ನುವವರನ್ನು ದಯವಿಟ್ಟು ನಂಬಬೇಡಿ. ಆ ವರ್ಷ ನಮ್ಮ ದೇಶದವರೂ 98 ಮಂದಿ ತೀರಿಕೊಂಡರು. ಹೆಚ್ಚಿನವರ ಸಾವಿಗೆ ವಿದೇಶಾಂಗ ಇಲಾಖೆ ಕೊಟ್ಟ ಕಾರಣ ಕಾಯಿಲೆ ಮತ್ತು ವಯಸ್ಸು.

ನಮಗೆ ಸೆಕೆ ಹೊಸತಲ್ಲ ಅಂತ ಕೆಲವರು ಹೇಳುತ್ತಾರೆ. ಅದು ಬೇರೆ, ಇದು ಬೇರೆ. ಇಲ್ಲಿ ಬೆವರು ಮೈಗೆ ಅಂಟಿಕೊಳ್ಳುತ್ತದೆ, ಸುಸ್ತಾಗಿದ್ದು ಗೊತ್ತಾಗುತ್ತದೆ. ಅಲ್ಲಿನ ಒಣ ಗಾಳಿಗೆ ಬೆವರು ಬಂದ ಹಾಗೇ ಆರಿ ಹೋಗುತ್ತದೆ, ಮೈಯ ನೀರು ಖಾಲಿಯಾದದ್ದು ತಿಳಿಯುವುದೇ ಇಲ್ಲ. ಬಾಯಾರಿಕೆ ಆಗುವ ಮೊದಲೇ ಕುಡಿಯಬೇಕು. ಇಹ್ರಾಮಿನಲ್ಲಿ (ಹಜ್‌ನ ಹೊಲಿಗೆಯಿಲ್ಲದ ಬಟ್ಟೆ ಉಟ್ಟಿರುವಾಗ) ಗಂಡಸರು ಟೊಪ್ಪಿ ಹಾಕುವಂತಿಲ್ಲ, ಕೊಡೆ ಹಿಡಿಯಬಹುದು. ಶುಗರ್‌ನಿಂದ ಪಾದ ಮರಗಟ್ಟಿದವರು ಬರಿಗಾಲಲ್ಲಿ ಬಿಸಿ ನೆಲ ತುಳಿದರೆ ಸುಟ್ಟಿದ್ದೂ ಗೊತ್ತಾಗದು. ಹೊಸ ಚಪ್ಪಲಿಯನ್ನು ಇಲ್ಲೇ ಹಾಕಿ ಪಳಗಿಸಿಕೊಳ್ಳಿ. ಇನ್ಸುಲಿನ್ ಕೈಚೀಲದಲ್ಲೇ ಇರಲಿ, ಜೊತೆಗೆ ಡಾಕ್ಟರ ಚೀಟಿ. ಮೆನಿಂಜೈಟಿಸ್ ಲಸಿಕೆಯನ್ನು ಅಲ್ಲಿಗೆ ತಲುಪುವ 10 ದಿನ ಮೊದಲಾದರೂ ಹಾಕಿಸಿಕೊಂಡಿರಬೇಕು, ಕೊನೇ ಗಳಿಗೆಗೆ ಇಡಬೇಡಿ.

ಜಮಾಅತ್ ಕಮಿಟಿಯವರಲ್ಲಿ ನನ್ನ ವಿನಂತಿ ಇಷ್ಟೇ. ಹೆಸರು ಬಂದ ಕೂಡಲೇ, ಸುಬಹಿ (ಬೆಳಗಿನ ಜಾವದ) ನಮಾಜ್ ಮುಗಿಸಿ ಎಲ್ಲರನ್ನೂ ಒಟ್ಟಿಗೆ ನಡೆಸಿ. ಹೆಂಗಸರನ್ನು ಬಿಡಬೇಡಿ, ಅವರು ಮನೆಕೆಲಸ ಮಾಡ್ತಾರಲ್ಲ ಸಾಕು ಅನ್ನಬೇಡಿ. ಪಣಂಬೂರು, ತಣ್ಣೀರುಬಾವಿ ಕಡಲತೀರ ಹತ್ತಿರವೇ ಇದೆ. ಮೊದಲು ಅರ್ಧ ಗಂಟೆ, ಆಮೇಲೆ ನಿಧಾನವಾಗಿ ಜಾಸ್ತಿ ಮಾಡಿ. ಬೀಳ್ಕೊಡುಗೆಯ ಶಾಲು, ಫ್ಲೆಕ್ಸ್‌ಗೆ ಹಾಕುವ ದುಡ್ಡಲ್ಲಿ ಒಬ್ಬ ಡಾಕ್ಟರನ್ನು ತರಗತಿಗೆ ಕರೆಸಿ, ಪ್ರತಿಯೊಬ್ಬರ ಮಾತ್ರೆ ಚೀಟಿಯನ್ನೂ ನೋಡಿಸಿ.

– ಒಬ್ಬ ಓದುಗ, ಉಳ್ಳಾಲ