ಅವಳಿಗೆ ಗೊತ್ತಿದ್ದದ್ದು ಸಮಾಂತರ ಚತುರ್ಭುಜ: ಶಾಲಾ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ ನಮಸ್ಕಾರಗಳು.

ನಾನು ದಾಸರಹಳ್ಳಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡವನು. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಫೋಟೊ ತೆಗೆಯಲು ಗೋಡೆಗೆ ಕಟ್ಟಿದ ಒಂದು ಬಿಳಿ ಬಟ್ಟೆ, ಇಷ್ಟೇ ನನ್ನ ಬಂಡವಾಳ. ಜಾತಿ ಪ್ರಮಾಣಪತ್ರ, ರೇಷನ್ ಕಾರ್ಡ್ ತಿದ್ದುಪಡಿ, ಪಿಎಫ್ ಹಣ, ಎಲ್ಲದಕ್ಕೂ ಜನ ಇಲ್ಲಿಗೇ ಬರುತ್ತಾರೆ. ಪೀಣ್ಯದ ಗಾರ್ಮೆಂಟ್ಸ್ ಬಿಟ್ಟ ಮೇಲೆ ಸಂಜೆ ಏಳರಿಂದ ಒಂಬತ್ತರ ತನಕ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಕ್ಕಳ ಶಾಲೆಯ ಅರ್ಜಿಗಳು ಬರುವುದೂ ಅದೇ ಹೊತ್ತಿನಲ್ಲಿ. ಕೇಂದ್ರ ಸರ್ಕಾರದ ವಸತಿ ಶಾಲೆಯಾದ ನವೋದಯದ ಅರ್ಜಿಗೆ ಸರ್ಕಾರ ಕಾಸು ಕೇಳುವುದಿಲ್ಲ, ನಾನು 50 ರೂಪಾಯಿ ಕೇಳುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅರ್ಜಿಯಿಲ್ಲದೆಯೇ ಮಕ್ಕಳನ್ನು ಆರಿಸಿಕೊಳ್ಳುವ, ಗಣಿತ, ವಿಜ್ಞಾನದ ಒಂದು ಸರ್ಕಾರಿ ಪ್ರೌಢಶಾಲೆ ಬೇಕೆಂದು ಮುಂದೆ ಕೇಳಲಿದ್ದೇನೆ. ಅದನ್ನು ನೀವು ನಡೆಸಿಕೊಟ್ಟರೆ ಮೊದಲು ಕಲ್ಲು ಬೀಳುವುದು ನನ್ನ ಈ 50 ರೂಪಾಯಿಗೇ.

ಕಳೆದ ಸಲ ಜವಾಹರ ನವೋದಯ ವಿದ್ಯಾಲಯದ ಒಂಬತ್ತನೆಯ ತರಗತಿಗೆ ಅರ್ಜಿ ಹಾಕಿಸಲು ಒಬ್ಬ ತಾಯಿ ಮಗಳೊಂದಿಗೆ ಬಂದರು. ಹುಡುಗಿ ಸರ್ಕಾರಿ ಪ್ರೌಢಶಾಲೆಯಲ್ಲಿ ಎಂಟನೆಯ ತರಗತಿ, ಕನ್ನಡ ಮಾಧ್ಯಮ. ಪೋಷಕರ ಸಹಿಯನ್ನು ಸ್ಕ್ಯಾನ್ ಮಾಡಿ ಹಾಕಬೇಕಲ್ಲ, ತಾಯಿ ರದ್ದಿ ಹಾಳೆಯ ಮೇಲೆ ನಾಲ್ಕು ಸಲ ಬರೆದು ಅಭ್ಯಾಸ ಮಾಡಿಕೊಂಡರು. ಐದನೆಯದು ಚೆನ್ನಾಗಿ ಬಂತು. ಅಷ್ಟರಲ್ಲಿ ಹುಡುಗಿ, ಯಾರೋ ಮುದ್ರಿಸಿ ಬಿಟ್ಟುಹೋಗಿದ್ದ ಮಾದರಿ ಪ್ರಶ್ನೆಪತ್ರಿಕೆ ಹಿಡಿದು ಕೂತಿದ್ದಳು. "ಅಣ್ಣಾ, ಪ್ಯಾರಲಲೋಗ್ರಾಮ್ ಅಂದರೆ ಏನು?" ಎಂದಳು. ನಾನು ಹಾಳೆಯ ಹಿಂಬದಿಯಲ್ಲಿ ಗೆರೆ ಎಳೆದು ತೋರಿಸಿದೆ. "ಅಯ್ಯೋ, ಸಮಾಂತರ ಚತುರ್ಭುಜ!" ಎಂದು ಪೆನ್ನು ಕಸಿದುಕೊಂಡಳು. ಅಕ್ಕಪಕ್ಕದ ಎರಡು ಕೋನಗಳು 2:3ರ ಅನುಪಾತದಲ್ಲಿವೆ, ಅಳತೆ ಎಷ್ಟು ಎಂಬುದು ಪ್ರಶ್ನೆ. ಎರಡೂ ಸೇರಿದರೆ 180, ಐದು ಪಾಲು, ಪಾಲಿಗೆ 36, ಹಾಗಾದರೆ 72 ಮತ್ತು 108. ನಾನು ಅವಳ ಫೋಟೊದ ಅಂಚು ಕತ್ತರಿಸಿ ಮುಗಿಸುವ ಮೊದಲೇ ಉತ್ತರ ಹೇಳಿಯಾಗಿತ್ತು.

ಗಣಿತ ಅವಳಿಗೆ ಬರುತ್ತಿತ್ತು, ಪದ ಬರುತ್ತಿರಲಿಲ್ಲ. ಭಾಗಲಬ್ಧ ಸಂಖ್ಯೆ, ಘರ್ಷಣೆ, ಬೀಜೋಕ್ತಿ ಎಂದು ನಿಮ್ಮದೇ ಇಲಾಖೆಯ ಪುಸ್ತಕ ಓದಿ ಬೆಳೆದ ಮಗು ಅದು. ಆ ಪ್ರವೇಶ ಪರೀಕ್ಷೆಯ 100 ಅಂಕಗಳಲ್ಲಿ ಗಣಿತಕ್ಕೆ 35, ವಿಜ್ಞಾನಕ್ಕೆ 35, ಇಂಗ್ಲಿಷಿಗೆ 15, ಹಿಂದಿಗೆ 15. ಭಾಷೆಗಳ 30 ಅಂಕಗಳ ಬಗ್ಗೆ ನನ್ನ ತಕರಾರಿಲ್ಲ. ಉಳಿದ 70 ಅಂಕಗಳ ಗಣಿತ, ವಿಜ್ಞಾನದ ಪ್ರಶ್ನೆಗಳೂ ಇಂಗ್ಲಿಷ್ ಅಥವಾ ಹಿಂದಿಯಲ್ಲೇ ಇರುತ್ತವೆ ಎಂಬುದು ತಕರಾರು.

ಇದೇ ನವೋದಯದ ಆರನೆಯ ತರಗತಿಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ವೈದ್ಯಕೀಯಕ್ಕೆ ಹೋಗುವ ನೀಟ್ ಪರೀಕ್ಷೆ 2017ರಿಂದ, ಎಂಜಿನಿಯರಿಂಗಿನ ಜೆಇಇ ಮುಖ್ಯ ಪರೀಕ್ಷೆ 2021ರಿಂದ ಕನ್ನಡದಲ್ಲಿ ಲಭ್ಯ. ಹತ್ತು ವರ್ಷದ ಮಗುವಿಗೆ ಕನ್ನಡ ಉಂಟು, ಹದಿನೇಳರ ಹುಡುಗನಿಗೂ ಉಂಟು. ನಡುವಿನ ಹದಿಮೂರು, ಹದಿನಾಲ್ಕರ ಮಕ್ಕಳು ಏನು ಪಾಪ ಮಾಡಿದರು?

ಆರನೆಯ ತರಗತಿಗೇ ಬರೆಸಬಹುದಿತ್ತಲ್ಲ ಎಂದು ನಾನೂ ಆ ತಾಯಿಯನ್ನು ಕೇಳಿದೆ. ಮಗಳು ಐದನೆಯ ತರಗತಿಯಲ್ಲಿದ್ದಾಗ, ದೀಪಾವಳಿ ಕಳೆದ ಮೇಲೆ, ಸಿಂಧನೂರಿನಿಂದ ಮನೆ ಎತ್ತಿಕೊಂಡು ಬಂದರಂತೆ. ಐದನೆಯ ತರಗತಿಯ ಇಡೀ ವರ್ಷವನ್ನು ಅದೇ ಜಿಲ್ಲೆಯಲ್ಲಿ ಓದಿರಬೇಕೆಂಬುದು ನಿಯಮ. ಅಲ್ಲಿಗೂ ಸಲ್ಲಲಿಲ್ಲ, ಇಲ್ಲಿಗೂ ಸಲ್ಲಲಿಲ್ಲ. ಗೌರಿಬಿದನೂರಿನ ಹತ್ತಿರದ ಹೊಸೂರಿನಿಂದ ನಡೆದುಕೊಂಡೇ ಬೆಂಗಳೂರಿಗೆ ಬಂದು ನ್ಯಾಷನಲ್ ಹೈಸ್ಕೂಲು ಸೇರಿದ ಶಿಕ್ಷಣ ತಜ್ಞ ಎಚ್. ನರಸಿಂಹಯ್ಯನವರಿಗೆ ಈ ಜಿಲ್ಲಾ ನಿಯಮ ತಗುಲಿದ್ದರೆ ಬಂದ ದಾರಿಯಲ್ಲೇ ವಾಪಸು ನಡೆಯಬೇಕಾಗುತ್ತಿತ್ತು.

ಆರನೆಯ ತರಗತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಸೀಟು ಗ್ರಾಮೀಣ ಮಕ್ಕಳಿಗೆ ಮೀಸಲು. ಅದು ನ್ಯಾಯವೇ. ನವೋದಯ ಹುಟ್ಟಿದ್ದೇ ಹಳ್ಳಿಯ ಜಾಣ ಮಕ್ಕಳಿಗಾಗಿ. ರಾಜ್ಯದ 74 ಆದರ್ಶ ವಿದ್ಯಾಲಯಗಳೂ ಶೈಕ್ಷಣಿಕವಾಗಿ ಹಿಂದುಳಿದ ತಾಲ್ಲೂಕುಗಳಿಗೆಂದೇ ಬಂದವು. ಆದರೆ ಹಳ್ಳಿ ಬಿಟ್ಟು ಬಂದು, ಪೀಣ್ಯದ ವಠಾರದಲ್ಲಿ ಹತ್ತಡಿ ಅಗಲದ ಕೋಣೆ ಹಿಡಿದವರ ಮಗಳು ಕಾಗದದ ಮೇಲೆ ನಗರವಾಸಿ. ಭಾರತೀಯ ವಿಜ್ಞಾನ ಸಂಸ್ಥೆ ಅವಳ ಮನೆಯಿಂದ ಒಂದು ಬಸ್ಸಿನ ದಾರಿ. ಅವಳು ಅದರ ಗೇಟನ್ನಷ್ಟೇ ನೋಡಿದ್ದಾಳೆ, ಅದೂ ಮೆಜೆಸ್ಟಿಕ್‌ಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ.

ನವೋದಯ ಕೇಂದ್ರದ್ದು, ನಮ್ಮ ಕೈಯಲ್ಲಿಲ್ಲ ಎನ್ನುತ್ತೀರಿ. ಒಪ್ಪಿದೆ. ಒಂಬತ್ತನೆಯ ತರಗತಿಯ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರಲಿ ಎಂದು ರಾಜ್ಯದ ಪರವಾಗಿ ಒಂದು ಕಾಗದ ಬರೆಯುವುದಂತೂ ನಿಮ್ಮ ಕೈಯಲ್ಲಿದೆ. ಅದಕ್ಕಿಂತ ದೊಡ್ಡ ಕೆಲಸ ಪೂರ್ತಿ ನಿಮ್ಮದೇ: ಗಣಿತ, ವಿಜ್ಞಾನಕ್ಕೆಂದೇ ಬೆಂಗಳೂರಿನಲ್ಲಿ ಒಂದು ಸರ್ಕಾರಿ ಪ್ರೌಢಶಾಲೆ. ಹೊಸ ಕಟ್ಟಡ ಬೇಡ. ಒಂದರಿಂದ ಹನ್ನೆರಡನೆಯ ತರಗತಿಯವರೆಗೆ ಒಂದೇ ಕಡೆ ಕಲಿಸಲೆಂದು 2018ರಿಂದ ನಡೆಯುತ್ತಿರುವ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಒಂದನ್ನು ಆರಿಸಿ, ಒಂಬತ್ತರಿಂದ ಹನ್ನೆರಡರವರೆಗೆ ಎರಡು ವಿಭಾಗ, ಒಂದು ಸರಿಯಾದ ಪ್ರಯೋಗಾಲಯ, ದೂರದ ಮಕ್ಕಳಿಗೆ ಹಾಸ್ಟೆಲ್ ಕೊಟ್ಟರೆ ಶುರು ಮಾಡಬಹುದು.

ಮಕ್ಕಳನ್ನು ಆರಿಸುವುದು ಹೇಗೆ ಎಂಬುದಕ್ಕೇ ನಾನು ಈ ಪತ್ರ ಬರೆಯಲು ಕೂತದ್ದು. ದಯವಿಟ್ಟು ಇನ್ನೊಂದು ಅರ್ಜಿ, ಇನ್ನೊಂದು ಪ್ರವೇಶ ಪರೀಕ್ಷೆ ಹುಟ್ಟಿಸಬೇಡಿ. ಎನ್‌ಎಂಎಂಎಸ್ ವಿದ್ಯಾರ್ಥಿವೇತನದ ಪರೀಕ್ಷೆ ಈಗಾಗಲೇ ಇದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಬಡ ಮಕ್ಕಳಿಗೆಂದೇ ಇರುವ ಪರೀಕ್ಷೆ. ಕುಟುಂಬದ ವಾರ್ಷಿಕ ಆದಾಯ ಮೂರೂವರೆ ಲಕ್ಷ ದಾಟಿರಬಾರದು. ನಡೆಸುವುದು ನಿಮ್ಮ ಇಲಾಖೆ, ಬರೆಯುವುದು ಕನ್ನಡದಲ್ಲಿ. ಎರಡು ಪತ್ರಿಕೆ, ತಲಾ 90 ಪ್ರಶ್ನೆ. ಗೆದ್ದವರಿಗೆ ವರ್ಷಕ್ಕೆ 12,000 ರೂಪಾಯಿ ಬ್ಯಾಂಕ್ ಖಾತೆಗೆ ಬೀಳುತ್ತದೆ, ಕಥೆ ಅಲ್ಲಿಗೆ ಮುಗಿಯುತ್ತದೆ. ಯಾವ ಶಾಲೆಯ ಯಾವ ಮಗುವಿಗೆ ಲೆಕ್ಕ ಬರುತ್ತದೆ ಎಂಬ ಪಟ್ಟಿ ಪ್ರತಿವರ್ಷ ನಿಮ್ಮ ಕಚೇರಿಯ ಕಡತದಲ್ಲಿ ಬಂದು ಕೂರುತ್ತದೆ. ಆ ಪಟ್ಟಿ ಹಿಡಿದು ಸರ್ಕಾರವೇ ಪೋಷಕರಿಗೆ ಫೋನ್ ಮಾಡಲಿ. ಸಹಿ ಸ್ಕ್ಯಾನ್ ಮಾಡಿ 100 ಕೆಬಿಗೆ ಇಳಿಸುವ ಕಷ್ಟ ತಾಯಂದಿರಿಗೆ ತಪ್ಪುತ್ತದೆ, 50 ರೂಪಾಯಿ ನನಗೆ ತಪ್ಪುತ್ತದೆ.

ಪಟ್ಟಿಯ ಮೇಲಿನ ನೂರು ಹೆಸರನ್ನು ಹಾಗೇ ಕತ್ತರಿಸಿಕೊಳ್ಳಬೇಡಿ, ಅಷ್ಟೇ. ನ್ಯೂಯಾರ್ಕ್‌ನಲ್ಲಿ ಸ್ಟೈವೆಸೆಂಟ್ ಎಂಬ ಹೆಸರುವಾಸಿ ಸರ್ಕಾರಿ ಪ್ರೌಢಶಾಲೆಯಿದೆ. ಗಣಿತ, ವಿಜ್ಞಾನಕ್ಕೆ ಪ್ರಸಿದ್ಧ, ಶುಲ್ಕವಿಲ್ಲ, ಪ್ರವೇಶಕ್ಕೆ ಒಂದೇ ಒಂದು ಪರೀಕ್ಷೆಯ ಅಂಕ. 2019ರಲ್ಲಿ ಅದು ಕೊಟ್ಟ 895 ಸೀಟುಗಳಲ್ಲಿ ಕಪ್ಪು ಜನಾಂಗದ ಮಕ್ಕಳಿಗೆ ಸಿಕ್ಕಿದ್ದು ಏಳು. ಒಂದೇ ಜರಡಿ ಹಿಡಿದರೆ ನಮ್ಮಲ್ಲೂ ಟ್ಯೂಷನ್ ಇರುವ ಬಡಾವಣೆಗಳ ಶಾಲೆಗಳೇ ಸೀಟು ತುಂಬಿಕೊಳ್ಳುತ್ತವೆ. ಬೆಂಗಳೂರು ಉತ್ತರ, ದಕ್ಷಿಣ ಎರಡೂ ಶೈಕ್ಷಣಿಕ ಜಿಲ್ಲೆಗಳ ಪ್ರತಿ ವಲಯದಿಂದ ಇಷ್ಟಿಷ್ಟು ಎಂದು ತೆಗೆದುಕೊಳ್ಳಿ. ಗಣಿತದ ಮೇಷ್ಟ್ರು ತಮ್ಮ ತರಗತಿಯ ಒಂದು ಹೆಸರು ಬರೆದುಕೊಡಲಿ, ಅದಕ್ಕೂ ಬೆಲೆಯಿರಲಿ. ಮೊದಲ ವರ್ಷ ಪಾಠ ಎರಡೂ ಭಾಷೆಯಲ್ಲಿ ನಡೆಯಲಿ. ಸಮಾಂತರ ಚತುರ್ಭುಜ ಪ್ಯಾರಲಲೋಗ್ರಾಮ್ ಆಗಲು ಅಷ್ಟು ಸಮಯ ಧಾರಾಳ ಸಾಕು.

ಆ ಹುಡುಗಿಗೆ ಸೀಟು ಸಿಗಲಿಲ್ಲ. ಒಂಬತ್ತನೆಯ ತರಗತಿಯ ಪ್ರವೇಶ ಖಾಲಿ ಉಳಿದ ಸೀಟುಗಳಿಗೆ ಮಾತ್ರ, ಆದ್ದರಿಂದ ಕನ್ನಡವೊಂದಿದ್ದರೆ ಸಿಕ್ಕೇಬಿಡುತ್ತಿತ್ತು ಎಂದು ನಾನು ಹೇಳಲಾರೆ. ಶನಿವಾರ ಮಧ್ಯಾಹ್ನ ಅಂಗಡಿಗೆ ಬರುತ್ತಾಳೆ. ಒಂದು ಬದಿ ಖಾಲಿಯಿರುವ ರದ್ದಿ ಹಾಳೆಗಳನ್ನು ಕಟ್ಟಿ ಕೊಡುತ್ತೇನೆ, ಲೆಕ್ಕ ಮಾಡಲು. ನೀವು ನಾಳೆಯೇ ಆದೇಶ ಹೊರಡಿಸಿದರೂ ಅವಳಿಗೆ ಅದು ದಕ್ಕುವುದಿಲ್ಲ. ಅವಳ ತಂಗಿ ಏಳನೆಯ ತರಗತಿಯಲ್ಲಿದ್ದಾಳೆ.

ಇಂತಿ ತಮ್ಮ ವಿಶ್ವಾಸಿ,
ದಾಸರಹಳ್ಳಿಯ ಒಬ್ಬ ಜೆರಾಕ್ಸ್ ಅಂಗಡಿಯವ