ಎಳ್ಳಿನ ಪೇಸ್ಟ್ ಜಾಡಿಯ ಮೇಲಿನ ಎರಡು ದಿನಾಂಕಗಳ ಕುರಿತು ದೂರು

ಬದಿಯಡ್ಕ, ಕಾಸರಗೋಡು ಜಿಲ್ಲೆ
ಜುಲೈ 24, 2025

ಇವರಿಗೆ,
ಗ್ರಾಹಕರ ಕುಂದುಕೊರತೆ ಅಧಿಕಾರಿಗಳು

ಮಾನ್ಯರೇ,

ನಾನು ಮನೆಯಲ್ಲೇ ಅಡುಗೆ ಮಾಡಿ ಊರಿನ ಸಮಾರಂಭಗಳಿಗೆ ಒದಗಿಸುವವಳು. ನೆರೆಮನೆಯ ನಿಶ್ಚಿತಾರ್ಥಕ್ಕೆ ಅರುವತ್ತು ಮಂದಿಗೆ ಹಮ್ಮುಸ್, ಅಂದರೆ ಬೇಯಿಸಿದ ಕಾಬೂಲಿ ಕಡಲೆಗೆ ಎಳ್ಳಿನ ಪೇಸ್ಟ್ ಸೇರಿಸಿ ಅರೆದು ಮಾಡುವ ಪದಾರ್ಥ, ಬೇಕೆಂದು ಹೇಳಿದ್ದರಿಂದ, ನಿಮ್ಮ ಆ್ಯಪ್‌ನಲ್ಲಿ ನಿಮ್ಮದೇ ಹೆಸರಿನಲ್ಲಿ ಮಾರಾಟವಾಗುವ ತಾಹಿನಿಯ, ಅಂದರೆ ಎಳ್ಳಿನ ಪೇಸ್ಟಿನ, 500 ಗ್ರಾಮಿನ ಎರಡು ಜಾಡಿಗಳನ್ನು 1,180 ರೂಪಾಯಿ ಕೊಟ್ಟು ತರಿಸಿದೆ. ಅವು ಜುಲೈ 3ರಂದು ತಲುಪಿದವು. ಆ ಬಳಿಕ ನಾಲ್ಕು ಬಾರಿ ಫೋನ್ ಮಾಡಿ, ಫೋಟೊಗಳ ಸಹಿತ ಇಮೇಲ್ ಕಳುಹಿಸಿದ ಮೇಲೂ, ಜುಲೈ 21ರಂದು ‘ಗ್ರಾಹಕರು ಸರಿಯಾಗಿ ಶೇಖರಿಸದ ಕಾರಣ ದೂರನ್ನು ಮುಕ್ತಾಯಗೊಳಿಸಲಾಗಿದೆ’ ಎಂಬ ಸಂದೇಶ ಬಂದುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಜುಲೈ 5ರ ಸಂಜೆ ಮೊದಲ ಜಾಡಿಯನ್ನು ತೆರೆದಾಗ ಮೇಲೆ ಎರಡು ಬೆರಳಿನಷ್ಟು ಎಣ್ಣೆ ನಿಂತಿತ್ತು. ಅದರ ಬಗ್ಗೆ ನನ್ನ ದೂರಿಲ್ಲ. ಎಳ್ಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯೇ ಇರುವುದರಿಂದ ಅರೆದಿಟ್ಟರೆ ಅದು ಮೇಲೇರುತ್ತದೆ. ಒಣ ಸೌಟಿನಿಂದ ತಳದವರೆಗೆ ಕಲಕಿದರೆ ಕೂಡಿಕೊಳ್ಳುತ್ತದೆ. ನಾನು ದೂರುತ್ತಿರುವುದು ಕಮಟು ವಾಸನೆಯನ್ನು. ಮುಚ್ಚಳ ತೆಗೆದೊಡನೆ ಹಳೆಯ ಪೈಂಟಿನಂಥ ವಾಸನೆ ಮೂಗಿಗೆ ಬಡಿಯಿತು. ನಾಲಗೆಗೆ ಇಟ್ಟಾಗ ಮೊದಲು ಏನೂ ಅನ್ನಿಸದೆ, ಆಮೇಲೆ ಗಂಟಲವರೆಗೂ ಕಹಿ ಇಳಿಯಿತು. ಸಿಪ್ಪೆ ತೆಗೆಯದ ಎಳ್ಳಿಗೂ ಸಣ್ಣ ಕಹಿಯಿದೆ, ಆದರೆ ಇದು ಅದಲ್ಲ. ಎಳ್ಳುಂಡೆ, ಎಳ್ಳಿನ ತಂಬುಳಿ ಮಾಡುತ್ತಾ ಮೂವತ್ತು ವರ್ಷ ಕಳೆದವಳಿಗೆ ಆ ವ್ಯತ್ಯಾಸ ತಿಳಿಯುತ್ತದೆ.

ಕಾಬೂಲಿ ಕಡಲೆ ಆಗಲೇ ನೆನೆದಿತ್ತು. ರಾತ್ರಿ ಒಂಬತ್ತು ಗಂಟೆಗೆ ಪರಿಚಯದ ಅಂಗಡಿಯವರಿಂದ ಬಾಗಿಲು ತೆರೆಸಿ ಮುಕ್ಕಾಲು ಕಿಲೊ ಬಿಳಿ ಎಳ್ಳು ತಂದು, ಬಣ್ಣ ತಿರುಗದಂತೆ ಸಣ್ಣ ಉರಿಯಲ್ಲಿ ಹುರಿದು, ಆರಿಸಿ, ಮಿಕ್ಸಿ ಬಿಸಿಯಾದಾಗಲೆಲ್ಲ ನಿಲ್ಲಿಸುತ್ತಾ ಅರೆದೆ. ನಿಂಬೆರಸ ಮತ್ತು ನೀರು ಹಾಕಿದಾಗ ಮುದ್ದೆಗಟ್ಟುವ ಪೇಸ್ಟ್, ಇನ್ನಷ್ಟು ನೀರು ಕೊಟ್ಟು ತಿರುವಿದಾಗ ಬೆಳ್ಳಗೆ ನುಣ್ಣಗಾಗುತ್ತದೆ. ಆ ಹದ ಬರುವಾಗ ಗಂಟೆ ಹನ್ನೆರಡೂವರೆ. ಕೊಟ್ಟ ಮಾತನ್ನು ಉಳಿಸಿಕೊಂಡೆ. ಅದರಲ್ಲಿ ನಿಮ್ಮ ಪಾಲು ಏನೂ ಇಲ್ಲ.

ಜುಲೈ 7ರಂದು ನಾನು ಕನ್ನಡವನ್ನು ಆರಿಸಿಕೊಂಡು ಕರೆ ಮಾಡಿದರೂ, ನಮ್ಮ ಪಿನ್ ಕೋಡ್ 671ರಿಂದ ಶುರುವಾಗುತ್ತದೆಂಬ ಕಾರಣಕ್ಕೆ ಮಲಯಾಳಂ ವಿಭಾಗಕ್ಕೆ ದಾಟಿಸಿದರು. ನನಗೆ ಮಲಯಾಳಂ ಬರುತ್ತದೆ, ಆದರೆ ದೂರನ್ನು ನನ್ನ ಭಾಷೆಯಲ್ಲೇ ಹೇಳಬೇಕಿತ್ತು. ಹದಿನೆಂಟು ನಿಮಿಷ ಕಾದ ಬಳಿಕ ಕನ್ನಡದಲ್ಲಿ ಮಾತನಾಡಿದ ನಿಮ್ಮ ಸಿಬ್ಬಂದಿ ಕೇಳಿದ ಮೊದಲ ಪ್ರಶ್ನೆ, “ನಿಮ್ಮ ಮನೆಯಲ್ಲಿ ಫ್ರಿಜ್ ಇದೆಯಾ?” ಇದೆ ಎಂದೆ. “ಒದ್ದೆ ಚಮಚ ಹಾಕಿದ್ದೀರಾ?” ಇಲ್ಲ, ತೆರೆದ ಕೂಡಲೇ ವಾಸನೆ ಬಂತು ಎಂದೆ. “ಮೇಡಂ, ಇದು ನೀವು ಮಾಡುವ ಚಟ್ನಿಯಲ್ಲ, ವಿದೇಶಿ ಪದಾರ್ಥ. ಇದರ ವಾಸನೆ ನಿಮಗೆ ಅಭ್ಯಾಸವಿಲ್ಲ” ಎಂದರು. ಬ್ಯಾಚ್ ಸಂಖ್ಯೆ ಬರೆದುಕೊಳ್ಳಿ ಎಂದು ಮೂರು ಸಲ ಹೇಳಿದರೂ ಬರೆದುಕೊಳ್ಳದೆ, “ಫ್ರಿಜ್‌ನಲ್ಲಿಡಿ, ಸರಿಹೋಗುತ್ತದೆ” ಎಂದು ಕರೆ ಕಡಿದರು. ಗಾಳಿ, ಬೆಳಕು, ಬಿಸಿ ತಗಲಿ ಎಣ್ಣೆ ಒಮ್ಮೆ ಕಮಟಿದ ಮೇಲೆ ಯಾವ ಫ್ರಿಜ್ಜೂ ಅದನ್ನು ಹಿಂದಕ್ಕೆ ತರುವುದಿಲ್ಲ. ಆಹಾರ ಮಾರುವ ನಿಮಗೆ ಇದು ತಿಳಿದಿರಲೇಬೇಕು.

ತೆರೆಯದ ಎರಡನೆಯ ಜಾಡಿಯನ್ನು ಸಾಕ್ಷಿಗೆಂದು ಫ್ರಿಜ್‌ನಲ್ಲಿಟ್ಟೆ. ಜುಲೈ 10ರಂದು ಹೊರತೆಗೆದಾಗ ಜಾಡಿ ಬೆವರಿ, ದಿನಾಂಕದ ಚೀಟಿಯ ಒಂದು ಮೂಲೆ ಎದ್ದು ನಿಂತಿತು. ಅದರಲ್ಲಿದ್ದುದು ತಯಾರಿ ಜನವರಿ 2025. ಉಗುರಿನಿಂದ ಮೆಲ್ಲನೆ ಎತ್ತಿದಾಗ ಕೆಳಗೆ ಜಾಡಿಯ ಮೇಲೆಯೇ ಅಚ್ಚಾಗಿದ್ದುದು ತಯಾರಿ ಫೆಬ್ರವರಿ 2023, ಬಳಕೆಯ ಅವಧಿ 12 ತಿಂಗಳು. ನನ್ನ ಶೇಖರಣೆಯನ್ನು ದೂರುವ ಮುನ್ನ, ಎರಡು ವರ್ಷಕ್ಕೂ ಮಿಕ್ಕಿ ಆ ಜಾಡಿ ಎಲ್ಲಿತ್ತು, ಯಾರು ಶೇಖರಿಸಿದ್ದರು ಎಂಬುದಕ್ಕೆ ಉತ್ತರ ಕೊಡಿ. ಈ ಚೀಟಿ ಅಂಟಿಸಿದ ಕೈ ಮಾಡಿದ್ದು ಮೋಸ, ಬೇರೆ ಪದ ನನ್ನಲ್ಲಿಲ್ಲ.

2020ರ ಇ-ಕಾಮರ್ಸ್ ನಿಯಮಗಳಂತೆ ದೂರು ತಲುಪಿದ 48 ಗಂಟೆಗಳೊಳಗೆ ಸ್ವೀಕೃತಿ ಕೊಡಬೇಕಾದುದು ನಿಮ್ಮ ಕರ್ತವ್ಯ. ಜುಲೈ 10ರ ಇಮೇಲ್‌ಗೆ ಅದು ಬಂದಿಲ್ಲ. ತಪ್ಪು ವಿವರದ ಲೇಬಲ್ ಇರುವ ಆಹಾರ ಮಾರಿದವರಿಗೆ 2006ರ ಆಹಾರ ಸುರಕ್ಷತೆ ಕಾಯ್ದೆಯಡಿ ಮೂರು ಲಕ್ಷ ರೂಪಾಯಿವರೆಗೆ ದಂಡವಿದೆ ಎಂಬುದು ನಿಮ್ಮ ಕಾನೂನು ವಿಭಾಗಕ್ಕೆ ಗೊತ್ತಿರುವ ವಿಷಯ.

ಆ ಬ್ಯಾಚಿನ ಜಾಡಿಗಳನ್ನೆಲ್ಲ ಮಾರಾಟದಿಂದ ಹಿಂತೆಗೆದು, ಹದಿನೈದು ದಿನಗಳೊಳಗೆ ನನಗೆ ಲಿಖಿತ ಉತ್ತರ ಕೊಡಬೇಕು. ಕೊಡದಿದ್ದರೆ ತೆರೆಯದ ಜಾಡಿಯನ್ನು ಅದೇ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಶುಲ್ಕ ಕಟ್ಟಿ ಪರೀಕ್ಷೆಗೆ ಕೊಡುತ್ತೇನೆ, ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಪ್ರಕರಣ ಹೂಡುತ್ತೇನೆ. ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅವಕಾಶ ಕೊಟ್ಟಿರುವುದರಿಂದ, ಬರಬೇಕಾದವರು ನೀವು. 1,180 ರೂಪಾಯಿ ಮರಳಿಸಿ ನನ್ನ ಬಾಯಿ ಮುಚ್ಚಿಸಲು ಬರಬೇಡಿ. ಎರಡೂ ಜಾಡಿಗಳು, ಕಿತ್ತ ಚೀಟಿ, ಬಿಲ್ಲು, ಕರೆಗಳ ವೇಳೆಯ ಪಟ್ಟಿ ನನ್ನ ಬಳಿ ಭದ್ರವಾಗಿವೆ.

ಇತಿ,
ನಿಮ್ಮ ಗ್ರಾಹಕಿ